ಖಾಕಿ ಹೊಲಿಸುವ ಮುನ್ನ: ಹೊಸ ಎನ್‌ಸಿಸಿ ಅಧಿಕಾರಿಗೆ ಒಂದಷ್ಟು ಕಿವಿಮಾತು

ಸಮವಸ್ತ್ರದಲ್ಲಿ ನನ್ನ ಮೊದಲ ಆಗಸ್ಟ್ 15. ಧ್ವಜ ಮೇಲೇರಿತು, ನಾನು ಸೆಲ್ಯೂಟ್‌ಗೆ ಕೈ ಎತ್ತಿದೆ. ಅದರ ಜೊತೆಗೇ ಶರ್ಟಿನ ಬಲಭಾಗವೂ ಪ್ಯಾಂಟಿನಿಂದ ಎದ್ದು ಬಂತು. ರಾಷ್ಟ್ರಗೀತೆ 52 ಸೆಕೆಂಡ್. ಅಷ್ಟೂ ಹೊತ್ತು ಕೈ ಇಳಿಸುವಂತಿಲ್ಲ, ಶರ್ಟ್ ಒಳಗೆ ತುರುಕುವಂತಿಲ್ಲ. ಎದುರಿಗೆ ನಿಂತ ಮೊದಲ ಸಾಲಿನ ಕೆಡೆಟ್‌ಗಳು ತುಟಿ ಕಚ್ಚಿಕೊಂಡು ನಿಂತಿದ್ದರು. ಹಿಂದಿನ ವಾರವಷ್ಟೇ ಅವರಲ್ಲೊಬ್ಬನಿಗೆ 'ಬೆಲ್ಟ್ ಸರಿಯಾಗಿ ಹಾಕೋ' ಅಂತ ಗದರಿದ್ದೆ.

ಟೈಲರ್ ಕೆಟ್ಟದಾಗಿ ಹೊಲಿದಿದ್ದ ಅಂತಲ್ಲ. ಚೆಂದವಾಗೇ ಹೊಲಿದಿದ್ದ, ಆದರೆ ಕೈ ಇಳಿಬಿಟ್ಟು ಸುಮ್ನೆ ನಿಲ್ಲುವ ಮನುಷ್ಯನಿಗೆ. ನಾವು ಸುಮ್ನೆ ನಿಲ್ಲುವವರಲ್ಲ. ಕೈ ಬೀಸಿ ನಡೆಯಬೇಕು, ಸೆಲ್ಯೂಟ್ ಹೊಡೆಯಬೇಕು, ಬಗ್ಗಿ ಕೆಡೆಟ್‌ನ ಶೂ ನೋಡಬೇಕು, ವೇದಿಕೆ ಹತ್ತಬೇಕು. ಪಾಠದ ಜೊತೆಗೆ ಎನ್‌ಸಿಸಿ ಅಧಿಕಾರಿಯ ಜವಾಬ್ದಾರಿಯನ್ನೂ ಹೊತ್ತುಕೊಂಡ ಹೊಸ ಮೇಷ್ಟ್ರು, ಮೇಡಂಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಆರ್ಮಿ ವಿಂಗ್‌ನವನು, ಹಾಗಾಗಿ ಖಾಕಿಯ ಮಾತೇ ಜಾಸ್ತಿ. ನೌಕಾ ವಿಂಗ್‌ನ ಬಿಳಿ, ವಾಯು ವಿಂಗ್‌ನ ನೀಲಿ ಬಟ್ಟೆಗೂ ಅಳತೆಯ ಮಾತೆಲ್ಲ ಹಾಗೇ ಹೊಂದುತ್ತದೆ.

ಹಂತ 1: ಮೊದಲು ಪಟ್ಟಿ, ಆಮೇಲೆ ಅಂಗಡಿ

ಹೆಸರು ಆಯ್ಕೆಯಾದ ದಿನವೇ ಅಂಗಡಿಗೆ ಓಡಬೇಡಿ. ನಿಮ್ಮ ಬೆಟಾಲಿಯನ್ ಕಚೇರಿಗೆ ಹೋಗಿ, ಅಧಿಕಾರಿಗಳ ಉಡುಪಿನ ಪಟ್ಟಿ ಕೇಳಿ ಪಡೆಯಿರಿ. ತರಬೇತಿಗೆ ಕರೆ ಬಂದಾಗ ಅದರ ಜೊತೆ ಜಾಯಿನಿಂಗ್ ಇನ್‌ಸ್ಟ್ರಕ್ಷನ್ ಬರುತ್ತದೆ. ಯಾವ ಬಟ್ಟೆ, ಎಷ್ಟು ಜೊತೆ, ಪಿಟಿಗೆ ಏನು, ರಾತ್ರಿ ಮೆಸ್‌ನ ಊಟಕ್ಕೆ ಏನು ಅಂತ ಅದರಲ್ಲಿರುತ್ತದೆ. ಹಳೆಯ ಅಧಿಕಾರಿಯ ಫೋಟೋ ನೋಡಿ ಹೊಲಿಸಲು ಹೋಗಬೇಡಿ, ನಿಯಮಗಳು ಆಗಾಗ ಬದಲಾಗುತ್ತವೆ.

ಬೆಟಾಲಿಯನ್‌ನಲ್ಲಿ ನಿಮಗೆ ಅತಿ ಹೆಚ್ಚು ಉಪಕಾರ ಮಾಡಬಲ್ಲವರು ಪಿಐ (ಪರ್ಮನೆಂಟ್ ಇನ್‌ಸ್ಟ್ರಕ್ಟರ್) ಸ್ಟಾಫ್. ಸೇನೆಯಿಂದ ಬಂದ ಹವಾಲ್ದಾರ್, ಸುಬೇದಾರ್ ಸಾಬ್‌ಗಳು. ಚಹಾ ಕುಡಿಯುತ್ತಾ 'ಸಾಬ್, ಸ್ವಲ್ಪ ತೋರಿಸಿಕೊಡಿ' ಅಂದರೆ ಸಾಕು, ತಮ್ಮದೇ ಶರ್ಟ್ ಹಿಡಿದು ಹೊಲಿಗೆ ಹೊಲಿಗೆಯನ್ನೂ ವಿವರಿಸುತ್ತಾರೆ. ಕೇಳಲು ಸಂಕೋಚ ಬೇಡ. ಡಾಕ್ಟರೇಟ್ ಇದ್ದರೂ ಬೆರೆ ಕ್ಯಾಪ್, ಅಂದರೆ ಒಂದು ಪಕ್ಕಕ್ಕೆ ವಾಲುವ ಉಣ್ಣೆ ಟೋಪಿ, ಹಾಕುವುದನ್ನು ಒಬ್ಬರು ಹೇಳಿಕೊಡಲೇಬೇಕು.

ನೀವಿನ್ನೂ ಕೇರ್‌ಟೇಕರ್ ಆಗಿದ್ದರೆ, ಅಂದರೆ ತರಬೇತಿ ಮುಗಿದು ಕಮಿಷನ್ (ಅಧಿಕಾರಿಯಾಗಿ ನೇಮಕ) ಆಗಿಲ್ಲದಿದ್ದರೆ, ಹೆಗಲ ಮೇಲಿನ ನಕ್ಷತ್ರಗಳನ್ನು ಈಗಲೇ ಕೊಳ್ಳಬೇಡಿ. ಕೊಂಡರೆ ಹಾಕಿಕೊಂಡು ಒಂದು ಫೋಟೋ ತೆಗೆಸಿಕೊಳ್ಳುವ ಆಸೆ ಆಗುತ್ತದೆ. ಆ ಫೋಟೋ ಬೇಡದ ಜಾಗಕ್ಕೆ ತಲುಪುತ್ತದೆ.

ಹಂತ 2: ತರಬೇತಿಗೆ ಮುಂಚೆ ಎಷ್ಟು, ಆಮೇಲೆ ಎಷ್ಟು

ಎಲ್ಲರೂ ಎಡವುವುದು ಇಲ್ಲಿ. ಕಮಿಷನ್‌ಗೆ ಮುಂಚಿನ ತರಬೇತಿ ನಡೆಯುವುದು ಆಫೀಸರ್ಸ್ ಟ್ರೇನಿಂಗ್ ಅಕಾಡೆಮಿಯಲ್ಲಿ. ಗಂಡಸರಿಗೆ ನಾಗಪುರದ ಪಕ್ಕದ ಕಾಮ್ಟಿ, ಹೆಂಗಸರಿಗೆ ಗ್ವಾಲಿಯರ್ ಎಂಬುದು ಬಹುಕಾಲದ ರೂಢಿ. ಬೆಳಗಿನ ಜಾವದ ಓಟ, ಹೊತ್ತೇರುವ ತನಕ ಡ್ರಿಲ್. ವರ್ಷಗಟ್ಟಲೆ ಸ್ಟಾಫ್ ರೂಮಿನಲ್ಲಿ ಕೂತು ಬೆಳೆಸಿದ ಹೊಟ್ಟೆ ಅಲ್ಲಿ ಕರಗುತ್ತದೆ. ನನ್ನ ಸೊಂಟ 3 ಇಂಚು ಇಳಿಯಿತು. ಉತ್ಸಾಹದಲ್ಲಿ ಮೊದಲೇ ಹೊಲಿಸಿಕೊಂಡು ಹೋಗಿದ್ದ ನಾಲ್ಕು ಪ್ಯಾಂಟುಗಳೂ ಗೋಣಿಚೀಲದಂತಾದವು. ಊರಿಗೆ ಬಂದು ಆರು ತಿಂಗಳಲ್ಲಿ ಅರ್ಧ ಹೊಟ್ಟೆ ವಾಪಸ್ ಬಂತು, ಅದು ಬೇರೆ ಮಾತು.

ಆದ್ದರಿಂದ ಹೋಗುವ ಮುಂಚೆ ಪಟ್ಟಿಯಲ್ಲಿ ಕೇಳಿದಷ್ಟು ಜೊತೆ ಮಾತ್ರ ಹೊಲಿಸಿ, ಒಂದೂ ಹೆಚ್ಚು ಬೇಡ. ಕಾರ್ಯಕ್ರಮಗಳಿಗೆ ಹಾಕುವ ಒಳ್ಳೆಯ ಜೊತೆಯನ್ನು ತರಬೇತಿಯ ಕೊನೆಯ ವಾರಗಳಲ್ಲಿ, ಇಲ್ಲವೇ ಊರಿಗೆ ಬಂದ ಮೇಲೆ ಹೊಲಿಸಿ. ಅಕಾಡೆಮಿಗಳ ಸುತ್ತಮುತ್ತಲಿನ ಟೈಲರ್‌ಗಳಿಗೆ ಈ ಬಟ್ಟೆ ಹೊಲಿದು ಕೈ ಪಳಗಿರುತ್ತದೆ. ಅವರಿಗೆ ಹೆಚ್ಚು ವಿವರಿಸುವ ಕೆಲಸವೇ ಇಲ್ಲ.

ಇನ್ನೊಂದು ಮಾತು. ಸಮವಸ್ತ್ರಕ್ಕೆ ಔಟ್‌ಫಿಟ್ ಅಲೋಯೆನ್ಸ್ ಇದೆ. ಬಟ್ಟೆ, ಶೂ, ಹೊಲಿಗೆ ಕೂಲಿ, ಎಲ್ಲಕ್ಕೂ ಬಿಲ್ ಕೇಳಿ ಒಂದು ಕವರಿನಲ್ಲಿ ಹಾಕಿಡಿ. ಟೈಲರ್ ಚೀಟಿಯ ಹಿಂದೆ ಗೀಚಿ ಕೊಟ್ಟರೆ ಒಪ್ಪಬೇಡಿ, ಹೆಸರು, ತಾರೀಖು ಇರುವ ರಸೀದಿಯೇ ಬೇಕು ಅನ್ನಿ.

ಹಂತ 3: ಬಟ್ಟೆ

ಖಾಕ್ ಅಂದರೆ ಪರ್ಷಿಯನ್, ಉರ್ದುವಿನಲ್ಲಿ ಧೂಳು. ಈ ಬಣ್ಣಕ್ಕೂ ನಮ್ಮ ಮಂಗಳೂರಿಗೂ ಹಳೆಯ ನಂಟಿದೆ. 1850ರ ದಶಕದಲ್ಲಿ ಬಾಸೆಲ್ ಮಿಷನ್ ನೇಯ್ಗೆ ಶಾಲೆಯಲ್ಲಿದ್ದ ಜಾನ್ ಹಾಲರ್ ಖಾಕಿ ಬಣ್ಣ ಹದ ಮಾಡಿದ ಎಂಬ ಹೆಮ್ಮೆ ಆ ಊರಿನದು. ಧೂಳಿಗೆ ಎಷ್ಟು ಬಗೆಯೋ ಖಾಕಿಗೂ ಅಷ್ಟು ಬಗೆ. ಪೊಲೀಸರ ಖಾಕಿ ಬೇರೆ, ಆಟೋ ಅಣ್ಣಂದಿರ ಖಾಕಿ ಬೇರೆ, ನಮ್ಮದು ಬೇರೆ. ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಎಲ್ಲವೂ ಒಂದೇ ಥರ ಕಾಣುತ್ತವೆ. ಬೆಟಾಲಿಯನ್‌ನಿಂದ ಒಂದು ತುಂಡು ಮಾದರಿ ತಂದುಕೊಳ್ಳಿ. ಥಾನನ್ನು ಅಂಗಡಿಯ ಬಾಗಿಲಿಗೆ ತರಿಸಿ, ಬಿಸಿಲಲ್ಲಿ ಪಕ್ಕಪಕ್ಕ ಹಿಡಿದು ನೋಡಿ.

ಶರ್ಟಿಗೂ ಪ್ಯಾಂಟಿಗೂ ಒಂದೇ ಥಾನಿನಿಂದ, ಒಂದೇ ದಿನ ಕತ್ತರಿಸಿಕೊಳ್ಳಿ. ಇವತ್ತು ಶರ್ಟು, ಸಂಬಳ ಬಂದ ಮೇಲೆ ಪ್ಯಾಂಟು ಅಂದರೆ ಬಣ್ಣ ಹೊಂದುವುದಿಲ್ಲ. 58 ಇಂಚು ಪನ್ನದ (ಅಗಲದ) ಬಟ್ಟೆಯಾದರೆ ಸಾಧಾರಣ ಮೈಕಟ್ಟಿನವರಿಗೆ ಶರ್ಟಿಗೆ 1.6 ಮೀಟರ್, ಪ್ಯಾಂಟಿಗೆ 1.3 ಮೀಟರ್ ಸಾಕು. 36 ಇಂಚು ಪನ್ನವಾದರೆ ಶರ್ಟಿಗೇ 2.25 ಮೀಟರ್ ಹಿಡಿಯುತ್ತದೆ. ಶರ್ಟಿಗೆ ಎರಡು ಮುಚ್ಚಳದ ಜೇಬು, ಹೆಗಲ ಪಟ್ಟಿ ಎಲ್ಲ ಬರುವುದರಿಂದ ಒಂದು ಗೇಣು ಜಾಸ್ತಿಯೇ ಇರಲಿ.

ಅಪ್ಪಟ ಹತ್ತಿಯೋ, ಪಾಲಿಯೆಸ್ಟರ್ ಬೆರೆತ ಟೆರಿಕಾಟೋ? ಗಂಜಿ ಹಾಕಿ ಇಸ್ತ್ರಿ ಮಾಡಿದ ಹತ್ತಿಯ ಠೀವಿಯೇ ಬೇರೆ. ಆದರೆ ಒಂದು ಸಲ ಜೀಪಿನಲ್ಲಿ ಕೂತೆದ್ದರೆ ಬೆನ್ನೆಲ್ಲ ಮುದುರಿಹೋಗುತ್ತದೆ. ಆಗಸ್ಟ್ 15 ನಮ್ಮ ಮಲೆನಾಡು, ಕರಾವಳಿಯಲ್ಲಿ ಮಳೆಗಾಲ. ನೆನೆದ ಗಂಜಿ ಬಟ್ಟೆ ಮೈಗೆ ಅಂಟಿಕೊಂಡರೆ ಮೆರವಣಿಗೆಯೆಲ್ಲ ಅಂಟು ಅಂಟು. ಪಟ್ಟಿಯಲ್ಲಿ ಅವಕಾಶ ಇದ್ದರೆ ಟೆರಿಕಾಟೇ ವಾಸಿ ಅಂತ ನನ್ನ ಅಭಿಪ್ರಾಯ. ಹತ್ತಿಯನ್ನೇ ತೆಗೆದುಕೊಂಡರೆ ಹೊಲಿಸುವ ಮುಂಚೆ ಒಂದು ರಾತ್ರಿ ನೀರಲ್ಲಿ ನೆನೆಸಿ, ಹಿಂಡದೆ ನೆರಳಲ್ಲಿ ಒಣಗಿಸಿ. ಮೀಟರಿಗೆ 3ರಿಂದ 5 ಸೆಂಟಿಮೀಟರ್ ಕುಗ್ಗಿದರೂ ಆಶ್ಚರ್ಯವಿಲ್ಲ. ಆ ಕುಗ್ಗುವಿಕೆ ಹೊಲಿಗೆಗೆ ಮುಂಚೆಯೇ ಮುಗಿದುಹೋಗಲಿ.

ಸೇನೆಯ ಹೊಸ ಕಾಂಬ್ಯಾಟ್ ಮಾದರಿಯ ಬಟ್ಟೆ ಎಲ್ಲೋ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ಅದಕ್ಕೆ ಕೈ ಹಾಕಬೇಡಿ. 2022ರ ಸೇನಾ ದಿನದಂದು ತೋರಿಸಿದ ಆ ವಿನ್ಯಾಸ ಸೇನೆಯ ಹೆಸರಿನಲ್ಲಿ ನೋಂದಣಿಯಾಗಿದೆ, ಅದು ಬಜಾರಿನಲ್ಲಿ ಮಾರುವ ಬಟ್ಟೆಯಲ್ಲ.

ಹಂತ 4: ಟೈಲರ್ ಮತ್ತು ಅಳತೆ

ಬೆಂಗಳೂರಿನ ಶಿವಾಜಿನಗರ, ಕಮರ್ಷಿಯಲ್ ಸ್ಟ್ರೀಟ್ ಆಸುಪಾಸು, ಬೆಳಗಾವಿಯ ಕ್ಯಾಂಪ್ ಪ್ರದೇಶ, ಹೀಗೆ ದಂಡಿನ ನೆರಳಿದ್ದ ಕಡೆ ಸಮವಸ್ತ್ರ ಬಲ್ಲ ಟೈಲರ್‌ಗಳನ್ನು ಹುಡುಕಿ. ಜಿಲ್ಲಾ ಕೇಂದ್ರಗಳಲ್ಲಿ ಪೊಲೀಸ್ ಬಟ್ಟೆ ಹೊಲಿಯುವವರು ಇದ್ದೇ ಇರುತ್ತಾರೆ. ಕೈ ಚೆನ್ನಾಗಿರುತ್ತದೆ, ಆದರೆ ಹೇಳದಿದ್ದರೆ ಪೊಲೀಸ್ ಕಟ್ಟೇ ಹೊಲಿದುಬಿಡುತ್ತಾರೆ. ಪಿಐ ಸ್ಟಾಫ್‌ನ ಒಂದು ಹಳೆಯ ಶರ್ಟ್ ಮಾದರಿಗೆ ಕೊಟ್ಟುಬಿಡಿ.

ಅಳತೆ ಕೊಡಲು ಹೋಗುವಾಗ ಮೂರು ವಸ್ತು ಜೊತೆಗಿರಲಿ: ಸಮವಸ್ತ್ರದ ಬೆಲ್ಟ್, ಸಮವಸ್ತ್ರದ ಶೂ, ಒಳಗೆ ಹಾಕುವ ಬನಿಯನ್. ಬೆಲ್ಟ್ ಯಾಕೆಂದರೆ, ಮಾಮೂಲಿ ಪ್ಯಾಂಟಿನ ಲೂಪಿನಲ್ಲಿ ನಮ್ಮ ಅಗಲದ ಬೆಲ್ಟ್ ತೂರುವುದಿಲ್ಲ. ಶೂ ಯಾಕೆಂದರೆ, ಚಪ್ಪಲಿಯಲ್ಲಿ ನಿಂತು ಕೊಟ್ಟ ಉದ್ದ ಶೂ ಹಾಕಿದಾಗ ಮೇಲೇರುತ್ತದೆ.

ಮಾಸ್ಟರ್ ಟೇಪು ಹಿಡಿದಾಗ ಹೊಟ್ಟೆ ಒಳಗೆಳೆದುಕೊಳ್ಳಬೇಡಿ. ಎಲ್ಲರೂ ಮಾಡುವ ಕೆಲಸ ಅದು, ನಾನೂ ಮಾಡಿದ್ದೇನೆ. ಪರೇಡ್‌ನಲ್ಲಿ ಎರಡು ಗಂಟೆ ಹಾಗೇ ನಿಲ್ಲಲು ಆಗುತ್ತದೆಯೇ?

ಶರ್ಟಿನ ಹೆಗಲ ಹೊಲಿಗೆ ಹೆಗಲ ಮೂಳೆ ಮುಗಿಯುವಲ್ಲೇ ಬೀಳಬೇಕು. ಅದು ತೋಳಿಗೆ ಜಾರಿದರೆ ಮೇಲಿನ ನಕ್ಷತ್ರವೂ ಜಾರುತ್ತದೆ. ಎದೆಯ ಸುತ್ತ ಮೈಗಿಂತ 4 ಇಂಚು ಸಡಿಲ ಇರಲಿ. ಮಾಸ್ಟರ್ 'ಸಾರ್, ಈಗೆಲ್ಲ ಟೈಟ್ ಫಿಟ್ಟೇ ಫ್ಯಾಷನ್' ಅನ್ನುತ್ತಾರೆ. 'ಸಿನಿಮಾದ ಇನ್‌ಸ್ಪೆಕ್ಟರ್‌ಗೆ ಹಾಗೆ ಹೊಲೀರಿ ಮಾಸ್ಟ್ರೇ, ನನಗೆ ಕೈ ಎತ್ತೋಕಾಗ್ಬೇಕು' ಅನ್ನಿ. ಕಂಕುಳನ್ನು ಮೈಗೆ ಹತ್ತಿರವಾಗಿ, ಮೇಲಕ್ಕೆ ಕತ್ತರಿಸಲು ಹೇಳಿ. ಕೇಳಲು ವಿಚಿತ್ರ, ಆದರೆ ಗುಟ್ಟು ಇರುವುದೇ ಇಲ್ಲಿ. ಕಂಕುಳು ಇಳಿಬಿದ್ದಿದ್ದರೆ ಕೈ ಎತ್ತಿದಾಗ ಇಡೀ ಶರ್ಟ್ ಎದ್ದು ಬರುತ್ತದೆ. ನನ್ನ ಆಗಸ್ಟ್ 15ರ ಕಥೆ ಅದೇ. ಜೊತೆಗೆ ಶರ್ಟಿನ ಉದ್ದ ಪೃಷ್ಠವನ್ನು ಪೂರ್ತಿ ಮುಚ್ಚುವಷ್ಟಿರಲಿ.

ಹೆಗಲ ಪಟ್ಟಿಯೊಳಗೆ ಗಟ್ಟಿ ಬಕ್ರಂ (ಬಿರುಸಾದ ಒಳಬಟ್ಟೆ) ಹಾಕಿಸಿ. ಅದರ ಮೇಲೆ ಹಿತ್ತಾಳೆಯ ಭಾರ ಕೂರುತ್ತದೆ, ಬರೀ ಬಟ್ಟೆಯಾದರೆ ಬಾಗಿ ಜೋಲುತ್ತದೆ. ಎರಡೂ ಜೇಬುಗಳ ಮುಚ್ಚಳ ಒಂದೇ ಮಟ್ಟದಲ್ಲಿರಬೇಕು. ನಾಮಫಲಕ ಬಲಜೇಬಿನ ಮೇಲೆ ಕೂರುವುದರಿಂದ ಕಾಲಿಂಚು ಓರೆಯಾದರೂ ದೂರದಿಂದಲೇ ಕಾಣುತ್ತದೆ.

ಪ್ಯಾಂಟ್ ನಿಜವಾದ ಸೊಂಟದ ಮೇಲೆ ಕೂರಬೇಕು, ಜೀನ್ಸ್‌ನಂತೆ ಕೆಳಗಲ್ಲ. ಹಿಂದಿನ ಮಧ್ಯದ ಹೊಲಿಗೆಯಲ್ಲಿ ಒಂದೂವರೆ ಇಂಚು, ಕಾಲಿನ ಕೆಳಗೆ 2 ಇಂಚು ಬಟ್ಟೆ ಒಳಗೆ ಬಿಡಿಸಿ. ಮುಂದೆ ಹೊಟ್ಟೆ ಬಂದರೆ ಬಿಚ್ಚಬಹುದು. ಉದ್ದ ಹಿಂದೆ ಶೂವಿನ ಹಿಮ್ಮಡಿಯ ಮೇಲ್ತುದಿ ಮುಟ್ಟಲಿ, ಮುಂದೆ ಒಂದೇ ಒಂದು ಸಣ್ಣ ಮಡಿಕೆ ಬೀಳಲಿ. ಕಣಕಾಲಿನ ಹತ್ತಿರ ರಾಶಿ ಬಿದ್ದರೆ ಸಾಲ ತಂದ ಪ್ಯಾಂಟಿನಂತೆ ಕಾಣುತ್ತದೆ.

ಹಂತ 5: ಟ್ರಯಲ್ ಅಂದರೆ ಕನ್ನಡಿ ನೋಡುವುದಲ್ಲ

ಕಾಜಾ (ಗುಂಡಿ ತೂತು) ಹಾಕುವ ಮುಂಚೆ, ಕಚ್ಚಾ ಹೊಲಿಗೆಯಲ್ಲೇ ಒಂದು ಟ್ರಯಲ್ ಬೇಕು ಅಂತ ಮೊದಲೇ ಹೇಳಿಡಿ. ಟ್ರಯಲ್ ದಿನ ನಾಚಿಕೆ ಬಿಡಿ. ಅಂಗಡಿಯಲ್ಲೇ ಸಾವಧಾನ್ ನಿಲ್ಲಿ. ಸೆಲ್ಯೂಟ್ ಹೊಡೆದು ನಿಧಾನ ಹತ್ತರ ತನಕ ಎಣಿಸಿ. ಕೈಯನ್ನು ಹೆಗಲ ಮಟ್ಟಕ್ಕೆ ಬೀಸುತ್ತಾ ನಾಲ್ಕು ಹೆಜ್ಜೆ ನಡೆಯಿರಿ. ನಮ್ಮ ಹೆಜ್ಜೆ 30 ಇಂಚು, ತೊಡೆ ಹಿಡಿಯಬಾರದು. ಕುಕ್ಕರಗಾಲಲ್ಲಿ ಕೂತೇಳಿ. ಕುರ್ಚಿಯಲ್ಲಿ ಕೂತು ಎದ್ದು ನೋಡಿ. ಇಷ್ಟಾದ ಮೇಲೂ ಶರ್ಟ್ ಒಳಗೇ ಇದ್ದರೆ, ಎದೆಯ ಗುಂಡಿಗಳ ನಡುವೆ ಬಾಯಿ ಬಿಡದಿದ್ದರೆ ಪಾಸು. ರಸ್ತೆಯಲ್ಲಿ ಹೋಗುವವರು ನಿಂತು ನೋಡುತ್ತಾರೆ, ನೋಡಲಿ ಬಿಡಿ.

ಹೆಣ್ಣುಮಕ್ಕಳ ಶರ್ಟ್ ಬಗ್ಗೆ ನನ್ನ ಸಹೋದ್ಯೋಗಿ ಮೇಡಂ ಹೇಳಿದ್ದು ಇದು. ಗಂಡಸರ ಶರ್ಟನ್ನೇ ಚಿಕ್ಕದು ಮಾಡಿ ಹೊಲಿದರೆ ಎದೆಗೆ ಬಿಗಿ, ಸೊಂಟಕ್ಕೆ ಸಡಿಲ. ಎದೆಯ ಅಳತೆಗೆ ಹೊಲಿದು ಸೊಂಟದಲ್ಲಿ ಡಾರ್ಟ್, ಅಂದರೆ ಮಡಿಕೆ ಹಾಕಿ ಹೊಲಿಗೆ, ಹಿಡಿಸಬೇಕು. ಜೇಬನ್ನು ಹಾಳೆಯ ಮೇಲೆ ಅಳೆದು ಹೊಲಿಯದೆ, ಶರ್ಟ್ ಮೈಮೇಲಿದ್ದಾಗ ಪಿನ್ನು ಚುಚ್ಚಿ ಜಾಗ ಗುರುತಿಸಬೇಕು. ಗುಂಡಿಗಳ ನಡುವೆ ಒಳಗಿನಿಂದ ಒಂದು ಪ್ರೆಸ್ ಬಟನ್ ಇದ್ದರೆ ನಿಶ್ಚಿಂತೆ. ಸೊಂಟ ಸಣ್ಣ, ಕೆಳಗೆ ಅಗಲ ಇದ್ದವರಿಗೆ ಅಗಲ ಭಾಗದ ಅಳತೆಗೆ ಪ್ಯಾಂಟ್ ಹೊಲಿಸಿ ಸೊಂಟವನ್ನು ಒಳಗೆ ಹಿಡಿಸುವುದೇ ಸರಿ. ಕೂದಲು ತುರುಬು ಕಟ್ಟಿ, ಬಲೆ ಹಾಕಿ, ಕ್ಯಾಪಿನ ಅಂಚಿಗಿಂತ ಕೆಳಗೆ ಕೂರುವಂತೆ ನೋಡಿಕೊಳ್ಳಿ. ತುರುಬು ಮೇಲಿದ್ದರೆ ಕ್ಯಾಪ್ ಹಣೆಗೆ ಬೀಳುತ್ತದೆ.

ಹಂತ 6: ಬೆರೆ, ಅಂದರೆ ತಲೆನೋವು

ಹೊಸ ಬೆರೆ ಕ್ಯಾಪ್ ತಲೆಯ ಮೇಲೆ ಇಟ್ಟರೆ ನೀರ್‌ದೋಸೆ ಹೊದ್ದಂತೆ ಕಾಣುತ್ತದೆ. ಎಲ್ಲರಿಗೂ ಹಾಗೇ, ಗಾಬರಿ ಬೇಡ. ಅದನ್ನು ಪಳಗಿಸಬೇಕು.

ಹುಬ್ಬಿನಿಂದ ಒಂದು ಇಂಚು ಮೇಲೆ ಟೇಪು ಸುತ್ತಿ ತಲೆಯ ಅಳತೆ ತೆಗೆದು, ಆ ಸೈಜಿನದೇ ಕೊಳ್ಳಿ. ಉಣ್ಣೆಯದ್ದೇ ಬೇಕು, ಸಿಂಥೆಟಿಕ್ ಮಾತು ಕೇಳುವುದಿಲ್ಲ. ಬಣ್ಣ ನಿಮ್ಮ ಪಟ್ಟಿಯಲ್ಲಿರುವುದೇ. ಒಂದು ಬಟ್ಟಲಲ್ಲಿ ಕೈ ತಡೆಯುವಷ್ಟು ಬಿಸಿನೀರು ತೆಗೆದುಕೊಂಡು, ಚರ್ಮದ ಪಟ್ಟಿ ನೆನೆಯದಂತೆ ಉಣ್ಣೆಯ ಭಾಗವನ್ನು ಮಾತ್ರ ಅದ್ದಿ. ತಣ್ಣೀರಿಗೆ ಹಾಕಿ ತೆಗೆದು, ಹಿಂಡದೆ ಒತ್ತಿ ನೀರು ತೆಗೆಯಿರಿ. ಈಗ ಕನ್ನಡಿ ಮುಂದೆ ತಲೆಗೆ ಹಾಕಿ. ಪಟ್ಟಿ ಹುಬ್ಬಿನಿಂದ ಒಂದು ಇಂಚು ಮೇಲೆ, ನೆಲಕ್ಕೆ ಸಮನಾಗಿ ಇರಲಿ. ಬ್ಯಾಡ್ಜಿನ ಜಾಗ ಎಡಗಣ್ಣಿನ ಮೇಲೆ. ಉಳಿದ ಬಟ್ಟೆಯನ್ನೆಲ್ಲ ಬಲಕ್ಕೆ ಎಳೆದು, ಬಲಕಿವಿಯ ಕಡೆ ಅಂಗೈಯಿಂದ ಒತ್ತಿ. ಹಾಗೇ ಅರ್ಧ ಗಂಟೆ ಕೂತು ಉತ್ತರಪತ್ರಿಕೆ ತಿದ್ದಿ. ಆಮೇಲೆ ತೆಗೆದು, ತಲೆಯಷ್ಟೇ ದಪ್ಪದ ಪಾತ್ರೆಯನ್ನು ಬೋರಲು ಹಾಕಿ ಅದರ ಮೇಲೆ ಒಣಗಲು ಬಿಡಿ. ಎರಡು, ಮೂರು ಸಲ ಮಾಡಿದರೆ ಆಕಾರ ನಿಲ್ಲುತ್ತದೆ. ನಮ್ಮ ಮನೆಯಲ್ಲಿ ಇದಕ್ಕೆ ಒಂದು ಹಾಲಿನ ಪಾತ್ರೆ ಕಾಯಂ ಆಗಿ ಹೋಗಿದೆ. ಮನೆಯಾಕೆಯ ಒಪ್ಪಿಗೆ ಇರಲಿಲ್ಲ.

ಹಿಂದಿನ ದಾರವನ್ನು ಬಿಗಿ ನೋಡಿ ಗಂಟು ಹಾಕಿ, ತುದಿ ಕತ್ತರಿಸಿ, ಪಟ್ಟಿಯೊಳಗೆ ಸೇರಿಸಿ. ಬೆನ್ನ ಮೇಲೆ ಬಾಲ ಜೋಲಬಾರದು. ಬ್ಯಾಡ್ಜಿನ ಹಿಂದೆ ಕೂರುವ ಕೆಂಪು ಹ್ಯಾಕಲ್ (ಗರಿಯ ಕುಚ್ಚು) ನೆಟ್ಟಗೆ ನಿಲ್ಲಲು ಒಳಗೆ ಒಂದು ಗಟ್ಟಿ ರಟ್ಟಿನ ತುಂಡು ಸಾಕು. ಹ್ಯಾಕಲನ್ನು ಬೇರೆ ಡಬ್ಬಿಯಲ್ಲಿಡಿ, ಮಳೆಯಲ್ಲಿ ನೆಂದರೆ ಕೋಳಿಮರಿಯಂತಾಗುತ್ತದೆ.

ಹಂತ 7: ಹಿತ್ತಾಳೆ, ನಕ್ಷತ್ರ, ರಿಬ್ಬನ್

ಹೆಗಲ ಪಟ್ಟಿಯ ತೋಳಿನ ತುದಿಗೆ ಎನ್‌ಸಿಸಿ ಅಕ್ಷರಗಳು, ಅದರ ಮೇಲೆ ರ‍್ಯಾಂಕ್. ಕಾಲೇಜಿನವರಿಗೆ ಲೆಫ್ಟಿನೆಂಟ್ ಅಂದರೆ ಎರಡು ನಕ್ಷತ್ರ, ಕ್ಯಾಪ್ಟನ್ ಮೂರು, ಮೇಜರ್ ಅಂದರೆ ಅಶೋಕ ಸಿಂಹ. ಹೈಸ್ಕೂಲಿನವರ ಹೆಸರುಗಳು ಬೇರೆ: ಥರ್ಡ್ ಆಫೀಸರ್, ಸೆಕೆಂಡ್ ಆಫೀಸರ್, ಫಸ್ಟ್ ಆಫೀಸರ್, ಚೀಫ್ ಆಫೀಸರ್. ನಕ್ಷತ್ರದ ಒಂದು ಮೊನೆ ಕಾಲರಿನ ಕಡೆ ನೋಡುವಂತೆ ಹಾಕಿ. ತೂತು ಮಾಡುವ ಮುಂಚೆ ಸ್ಕೇಲ್ ಇಟ್ಟು ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ. ಖಾಕಿಯಲ್ಲಿ ಬಿದ್ದ ತೂತು ಮುಚ್ಚುವುದಿಲ್ಲ. ಬಡ್ತಿ ಬಂತು ಅಂತ ಯಾರೋ ಫೋನಿನಲ್ಲಿ ಹೇಳಿದರೆ ಸಾಲದು, ಆದೇಶ ಕೈಗೆ ಬಂದ ಮೇಲೇ ಹೊಸ ನಕ್ಷತ್ರ. ರಿಬ್ಬನ್‌ಗಳದ್ದೂ ಇದೇ ಲೆಕ್ಕ. ಎಡಜೇಬಿನ ಮೇಲೆ, ನಿಮಗೆ ಲಿಖಿತವಾಗಿ ಬಂದದ್ದು ಮಾತ್ರ.

ಅಜ್ಜಿ ಹುಣಸೆಹಣ್ಣಿನಲ್ಲಿ ಹಿತ್ತಾಳೆ ತಿಕ್ಕುತ್ತಿದ್ದುದು ನೆನಪಾಗುತ್ತದೆ. ಬಕಲ್‌ಗೆ ಅದನ್ನು ಮಾಡಿ ನೋಡಿದ್ದೇನೆ. ಹೊಳೆಯುತ್ತದೆ, ಆದರೆ ಸಂದಿಯಲ್ಲಿ ಹುಳಿ ಉಳಿದರೆ ಎರಡೇ ದಿನಕ್ಕೆ ಕಿಲುಬು. ಅಂಗಡಿಯ ಹಿತ್ತಾಳೆ ಪಾಲಿಶ್ ಬ್ರಾಸ್ಸೋನೇ ಸರಿ. ಬಟ್ಟೆಯ ಮೇಲಿದ್ದಾಗಲೇ ತಿಕ್ಕಬೇಕಾದರೆ ಹಳೆಯ ಲಗ್ನಪತ್ರಿಕೆಯ ರಟ್ಟಿಗೆ ಸೀಳು ಹಾಕಿ ಬ್ಯಾಡ್ಜಿನ ಕೆಳಗೆ ತೂರಿಸಿ. ಖಾಕಿಗೆ ಕಪ್ಪು ಕಲೆ ಹತ್ತುವುದಿಲ್ಲ.

ಹಂತ 8: ಶೂ

ಸಂಜೆ ಹೊತ್ತು, ಪಾದ ಸ್ವಲ್ಪ ಊದಿರುವಾಗ, ಸಮವಸ್ತ್ರದ ಸಾಕ್ಸ್ ಹಾಕಿಕೊಂಡೇ ಶೂ ಕೊಳ್ಳಿ. ಕಪ್ಪು ಚರ್ಮದ, ಲೇಸಿನ ಆಕ್ಸ್‌ಫರ್ಡ್. ತರಬೇತಿಗೆ ಹೊರಡುವ ಕನಿಷ್ಠ ಒಂದು ತಿಂಗಳ ಮೊದಲು ಕೊಂಡು, ದಿನಾ ಕಾಲೇಜಿಗೆ ಹಾಕಿ ಪಳಗಿಸಿ. ಹೊಸ ಶೂನಲ್ಲಿ ಡ್ರಿಲ್ ಮಾಡಿದ ಮೊದಲ ದಿನದ ಬೊಬ್ಬೆ ಹದಿನೈದು ದಿನ ಕಾಡುತ್ತದೆ.

ಮೂತಿ ಕನ್ನಡಿಯಂತೆ ಹೊಳೆಯಬೇಕಾದರೆ ಮೇಣದ ಪಾಲಿಶ್, ಹತ್ತಿ, ಒಂದು ಮುಚ್ಚಳ ನೀರು, ಮತ್ತು ತಾಳ್ಮೆ. ಬೆರಳಿಗೆ ಬಟ್ಟೆ ಸುತ್ತಿ, ಚಿಟಿಕೆ ಪಾಲಿಶ್, ಒಂದು ಹನಿ ನೀರು, ಸಣ್ಣ ಸಣ್ಣ ಸುತ್ತು. ಮಂಕಾದ ಪದರ ಹೋಗಿ ಹೊಳಪು ಬಂದಾಗ ಮತ್ತೊಂದು ಪದರ. ಒಂದೇ ಸಲ ಗಟ್ಟಿಯಾಗಿ ಬಳಿದರೆ ಬಿರುಕು ಬಿಡುತ್ತದೆ. ಹಿಮ್ಮಡಿಗೆ ಲೋಹದ ನಾಲು ಹೊಡೆಸುವ ಆಸೆ ಇದ್ದರೆ, ಕಾಲೇಜಿನ ವೇದಿಕೆಯ ಗ್ರಾನೈಟ್ ನೆನಪಿಸಿಕೊಳ್ಳಿ.

ಹಂತ 9: ಹಿಂದಿನ ರಾತ್ರಿ, ಮತ್ತು ದೆಹಲಿಯ ಚಳಿ

ಇಸ್ತ್ರಿ ಹಿಂದಿನ ರಾತ್ರಿಯೇ ಆಗಲಿ. ತೋಳಿಗೆ ಹೊರಗಡೆ ಒಂದೇ ಗೆರೆ, ಪ್ಯಾಂಟಿಗೆ ಮುಂದೊಂದು, ಹಿಂದೊಂದು. ಎರಡು ಗೆರೆ ಬಿದ್ದರೆ ರೈಲ್ವೆ ಹಳಿ ಅಂತ ಕೆಡೆಟ್‌ಗಳೇ ನಗುತ್ತಾರೆ. ಮೈದಾನ ದೂರ ಇದ್ದರೆ ಶರ್ಟನ್ನು ಹ್ಯಾಂಗರ್‌ನಲ್ಲೇ ಒಯ್ದು ಅಲ್ಲೇ ಹಾಕಿಕೊಳ್ಳಿ. ನವೆಂಬರಿನ ನಾಲ್ಕನೇ ಭಾನುವಾರದ ಎನ್‌ಸಿಸಿ ದಿನಕ್ಕೆ ಒಂದು ವಾರ ಮುಂಚೆ ಎಲ್ಲವನ್ನೂ ಒಮ್ಮೆ ಹಾಕಿ ನೋಡಿ. ಗಣೇಶನ ಹಬ್ಬದ ಕಡುಬು, ದೀಪಾವಳಿಯ ಹೋಳಿಗೆ ಎಲ್ಲಿಗೆ ಹೋಗಿರುತ್ತವೆ ಹೇಳಿ?

ಕೆಡೆಟ್‌ಗಳನ್ನು ಕರೆದುಕೊಂಡು ಗಣರಾಜ್ಯೋತ್ಸವ ಶಿಬಿರಕ್ಕೆ ದೆಹಲಿಗೆ ಹೋಗುವ ಭಾಗ್ಯ ಬಂದರೆ ಲೆಕ್ಕ ಬೇರೆ. ಶಿಬಿರ ನಡೆಯುವ, ದಂಡು ಪ್ರದೇಶದಲ್ಲಿರುವ ಮೈದಾನಕ್ಕೆ ನಮ್ಮ ಕೊಡಗಿನ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಹೆಸರು. ಜನವರಿಯ ಬೆಳಗಿನಲ್ಲಿ ಅಲ್ಲಿ ಬೆರಳು ಮರಗಟ್ಟುತ್ತವೆ. ಉಣ್ಣೆ ಬೆರೆತ ಅಂಗೋಲಾ ಶರ್ಟು, ಜರ್ಸಿ ಬೇಕು. ಅಂಗೋಲಾವನ್ನು ಒಳಗೆ ಥರ್ಮಲ್ ಹಾಕಿಕೊಂಡೇ ಅಳತೆ ಕೊಟ್ಟು ಹೊಲಿಸಿ. ಜರ್ಸಿಯನ್ನು ಶರ್ಟಿನ ಮೇಲೆ ಹಾಕಿ ನೋಡಿಯೇ ಕೊಳ್ಳಿ. ಇದನ್ನೆಲ್ಲ ಬೆಂಗಳೂರಿನ ಡಿಸೆಂಬರಿನಲ್ಲಿ ಹಾಕಿ ನೋಡುವಾಗ ಬೆವರು ಕಿತ್ತು ಬರುತ್ತದೆ, ಒಂದು ಸೈಜು ದೊಡ್ಡದೇ ಇರಲಿ.

ಕೊನೆಗೆ ಒಂದು ಪುಟ್ಟ ಚೀಲ ಕಾಯಂ ಆಗಿ ಬ್ಯಾಗಿನಲ್ಲಿರಲಿ. ಸೂಜಿ, ಖಾಕಿ ದಾರ, ನಾಲ್ಕು ಗುಂಡಿ, ಹಿತ್ತಾಳೆ ಬ್ಯಾಡ್ಜಿನ ಎರಡು ಬಿಡಿ ಪಿನ್ನು, ಸೇಫ್ಟಿ ಪಿನ್ನು, ಒಂದು ಜೊತೆ ಲೇಸು, ಬೆರೆಯ ಮೇಲಿನ ನೂಲು ತೆಗೆಯಲು ಸೆಲೋ ಟೇಪು. ನನ್ನ ಚೀಲದ ಗುಂಡಿಗಳಲ್ಲಿ ಅರ್ಧಕ್ಕರ್ಧ ಕೆಡೆಟ್‌ಗಳ ಶರ್ಟಿಗೇ ಹೋಗಿವೆ. ಪರೇಡಿಗೆ ಐದು ನಿಮಿಷ ಇರುವಾಗ 'ಸಾರ್, ಗುಂಡಿ ಕಿತ್ತೋಯ್ತು' ಅಂತ ಯಾರಾದರೂ ಒಬ್ಬರು ಬಂದೇ ಬರುತ್ತಾರೆ.